ಚಾರ್ಟಿನ ಇಂಗ್ಲಿಷ್ ಸಾಲದು: ನನ್ನ ಒಇಟಿ ಅನುಭವ

ಒಇಟಿ, ಅಂದರೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಹೊರದೇಶಕ್ಕೆ ಹೋಗುವ ನರ್ಸ್‌ಗಳು ಬರೆಯುವ ಇಂಗ್ಲಿಷ್ ಪರೀಕ್ಷೆ, ಮುಗಿಯಿತು. ಬೇಕಾದ ಅಂಕ ಬಂತು. ಈಗ ಯುಕೆಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ, ಅಂದರೆ ಅಲ್ಲಿ ನರ್ಸ್‌ಗಳನ್ನು ರಿಜಿಸ್ಟರ್ ಮಾಡುವ, ಎಲ್ಲರೂ ಎನ್‌ಎಂಸಿ ಅಂತ ಕರೆಯುವ ಸಂಸ್ಥೆಗೆ, ಅರ್ಜಿ ಹಾಕಿ ಕೂತಿದ್ದೇನೆ. ನಮ್ಮ ವಾರ್ಡಿನ ಹುಡುಗಿಯರು ದಿನಾ ಒಂದೊಂದು ಪ್ರಶ್ನೆ ಕೇಳುತ್ತಾರೆ. ಇನ್ನೊಂದು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಸುಲಭವಾ, ಒಇಟಿ ಸುಲಭವಾ? ದುಡ್ಡು ಎಷ್ಟು ಬೇಕು? ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಆಗುತ್ತದಾ? ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ಒಟ್ಟಿಗೆ ಬರೆದುಬಿಡೋಣ ಅನ್ನಿಸಿತು. ಈ ಪರೀಕ್ಷೆಯ ಬಗ್ಗೆ ಮಲಯಾಳಂನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಕನ್ನಡದಲ್ಲಿ ನನಗೆ ಸಿಕ್ಕಿದ್ದು ಕಮ್ಮಿ. ಕೊಡಗಿನವಳಾದ್ದರಿಂದ ಅರ್ಧಂಬರ್ಧ ಮಲಯಾಳಂ ಬರುತ್ತಿತ್ತು, ಹಾಗಾಗಿ ನಡೆಯಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ ಅಲ್ವಾ?

ನನ್ನ ಊರು ಚೇರಂಬಾಣೆಯಿಂದ ಸ್ವಲ್ಪ ಒಳಗೆ. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಆಮೇಲೆ ಬಿಎಸ್ಸಿ ನರ್ಸಿಂಗ್. ಕೆಲಸ ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಮೆಡಿಕಲ್ ವಾರ್ಡ್. ಮನೆಯಲ್ಲಿ ಮಾತು ಅರೆಭಾಷೆ, ನಮ್ಮ ಕಡೆಯ ಗೌಡರ ಆಡುಮಾತು. ಇಷ್ಟು ಹೇಳಿದ್ದು ಯಾಕೆಂದರೆ, ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದವರ ಅನುಭವಕ್ಕೂ ನನ್ನದಕ್ಕೂ ವ್ಯತ್ಯಾಸ ಇರಬಹುದು.

ಮೊದಲು ಯಾವ ಪರೀಕ್ಷೆ ಅನ್ನುವುದು. ಎನ್‌ಎಂಸಿ ಎರಡನ್ನು ಒಪ್ಪುತ್ತದೆ. ಒಂದು ಐಇಎಲ್‌ಟಿಎಸ್, ಅದರಲ್ಲೂ ಅಕಾಡೆಮಿಕ್ ಆಗಬೇಕು, ಜನರಲ್ ನಡೆಯುವುದಿಲ್ಲ. ಇನ್ನೊಂದು ಒಇಟಿ, ಆರೋಗ್ಯ ಕ್ಷೇತ್ರದವರಿಗೆಂದೇ ಮಾಡಿದ ಪರೀಕ್ಷೆ. ಇದನ್ನು ಎನ್‌ಎಂಸಿ ಒಪ್ಪಲು ಶುರು ಮಾಡಿದ್ದು 2017ರ ನವೆಂಬರ್‌ನಲ್ಲಿ. ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5, ಒಟ್ಟು 7 ಬೇಕು. ಒಇಟಿಯಲ್ಲಿ ಆ ಮೂರಕ್ಕೂ ಬಿ ಗ್ರೇಡ್, ಬರವಣಿಗೆಗೆ ಸಿ ಪ್ಲಸ್ ಸಾಕು. ಬಿ ಅಂದರೆ 500ಕ್ಕೆ 350ರಿಂದ 440. ಸಿ ಪ್ಲಸ್ ಅಂದರೆ 300ರಿಂದ 340.

ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಐಇಎಲ್‌ಟಿಎಸ್ಸೇ ಸಸ್ತಾ. ಒಇಟಿಗೆ ನಾನು ಕಟ್ಟುವಾಗ 587 ಆಸ್ಟ್ರೇಲಿಯನ್ ಡಾಲರ್ ಇತ್ತು. ಬ್ಯಾಂಕಿನವರು ಹಿಡಿದದ್ದೂ ಸೇರಿ 30 ಸಾವಿರ ದಾಟಿತು. ಐಇಎಲ್‌ಟಿಎಸ್‌ಗೆ ಹೆಚ್ಚುಕಮ್ಮಿ ಅದರ ಅರ್ಧ. ನನ್ನ ತಿಂಗಳ ಸಂಬಳಕ್ಕೆ ಇದು ಸಣ್ಣ ವ್ಯತ್ಯಾಸ ಅಲ್ಲ. ಆದರೂ ಒಇಟಿ ಹಿಡಿದೆ. ನಮ್ಮ ಆಸ್ಪತ್ರೆಯಲ್ಲೇ ಇದ್ದು ಈಗ ಮ್ಯಾಂಚೆಸ್ಟರ್ ಕಡೆ ಇರುವ ಒಬ್ಬರು ಚೇಚಿ (ಮಲಯಾಳಂನಲ್ಲಿ ಅಕ್ಕ) ಫೋನಿನಲ್ಲಿ ಹೇಳಿದ್ದು ಇಷ್ಟೆ: "ಮೋಳೇ, ಐಇಎಲ್‌ಟಿಎಸ್‌ನಲ್ಲಿ ಗ್ರಾಫ್ ನೋಡಿ ಬರಿ ಅಂತಾರೆ, ಊರು ದೊಡ್ಡದಾಗೋದು ಒಳ್ಳೇದಾ ಕೆಟ್ಟದ್ದಾ ಅಂತ ಪ್ರಬಂಧ ಕೇಳ್ತಾರೆ. ನಿಂಗೆ ಅದು ಇಷ್ಟವಾ, ಡಿಸ್ಚಾರ್ಜ್ ಲೆಟರ್ ಇಷ್ಟವಾ?" ನಾನು ಎರಡರ ಮಾದರಿ ಪ್ರಶ್ನೆಪತ್ರಿಕೆಯನ್ನೂ ಒಂದು ಭಾನುವಾರ ಕೂತು ಮಾಡಿ ನೋಡಿದೆ. ನೀವೂ ಹಾಗೇ ಮಾಡಿ. ಎರಡಕ್ಕೂ ಉಚಿತ ಮಾದರಿ ಆನ್‌ಲೈನ್‌ನಲ್ಲಿದೆ. ಯಾರೋ ಸುಲಭ ಅಂದರು ಅಂತ ದುಡ್ಡು ಕಟ್ಟಬೇಡಿ. ಪ್ರಬಂಧ ಬರೆಯುವ ಅಭ್ಯಾಸ ಇದ್ದವರಿಗೆ ಐಇಎಲ್‌ಟಿಎಸ್ ಚೆನ್ನಾಗೇ ಆಗುತ್ತದೆ. ನನ್ನ ಗೆಳತಿಯೊಬ್ಬಳು ಅದರಲ್ಲೇ ಪಾಸಾದಳು.

ಇನ್ನು ಪರೀಕ್ಷೆಗೆ ಮೊದಲೇ ಬಂದ ತೊಂದರೆ, ಹೆಸರು. ಕೊಡಗಿನವರು ಈ ಭಾಗವನ್ನು ಸರಿಯಾಗಿ ಓದಿ, ಯಾಕೆಂದರೆ ಹೊರಗಿನವರು ಯಾರೂ ಇದನ್ನು ಹೇಳಿಕೊಡುವುದಿಲ್ಲ.

ಪರೀಕ್ಷೆಗೆ ಹೆಸರು ಕೊಡುವಾಗ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಕೊಡಬೇಕು. ಪರೀಕ್ಷೆಯ ದಿನ ಗುರುತಿಗೆ ತೋರಿಸುವುದೂ ಪಾಸ್‌ಪೋರ್ಟೇ. ಆಧಾರ್ ನಡೆಯುವುದಿಲ್ಲ. ನಮ್ಮಲ್ಲಿ, ಕೊಡವರಾಗಲಿ ನಮ್ಮ ಗೌಡರಾಗಲಿ, ಮನೆ ಹೆಸರು ಮುಂದೆ ಬರುತ್ತದೆ. ಆಮೇಲೆ ಅಪ್ಪನ ಹೆಸರಿನ ಅಕ್ಷರ, ಆಮೇಲೆ ನಮ್ಮ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನದು ಎರಡು ಇನಿಶಿಯಲ್ ಮತ್ತು ಹೆಸರು. ಆಧಾರ್‌ನಲ್ಲಿ ಬರೀ ಹೆಸರು. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಇನಿಶಿಯಲ್ ಹಿಂದಕ್ಕೆ ಹೋಗಿ ಕೂತಿತ್ತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಬೇರೆ, ಗಿವನ್ ನೇಮ್ ಬೇರೆ. ಇನಿಶಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಮನೆ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿದೆ. ಇಂಗ್ಲಿಷ್‌ನಲ್ಲಿ ನಮ್ಮ ಮನೆ ಹೆಸರನ್ನು ದೊಡ್ಡಪ್ಪನ ಮಕ್ಕಳು ಒಂದು ಥರ ಬರೆಯುತ್ತಾರೆ, ನಾವು ಇನ್ನೊಂದು ಥರ. ಅಪ್ಪನ ಆರ್‌ಟಿಸಿಯಲ್ಲಿ ಮೂರನೆಯದೇ ಇದೆ!

ಪಾಸ್‌ಪೋರ್ಟ್‌ಗೆ ಮೈಸೂರಿಗೆ ಹೋದೆ. 36 ಪುಟದ್ದಕ್ಕೆ 1500 ರೂಪಾಯಿ ಶುಲ್ಕ. ಅಲ್ಲಿ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಪೊಲೀಸ್ ವೆರಿಫಿಕೇಶನ್‌ಗೆ ಠಾಣೆಯಿಂದ ಫೋನ್ ಬಂದಾಗ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಅದಕ್ಕೆ ಸ್ವಲ್ಪ ತಡ. ನಿಜವಾಗಿ ಕಾದಿದ್ದು ಕಾಲೇಜಿಗೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನಲ್ಲಿ ಓದಿದ್ದರ ವಿವರದ ಪಟ್ಟಿ) ಹೆಸರು ಪಾಸ್‌ಪೋರ್ಟಿನ ಹಾಗೆ ಬರೆದುಕೊಡಿ ಅಂತ ಕೇಳಿದರೆ, ಇವತ್ತು ಪ್ರಿನ್ಸಿಪಾಲ್ ಇಲ್ಲ, ನಾಳೆ ಕ್ಲರ್ಕ್ ರಜೆ, ಮುಂದಿನ ವಾರ ಸೀಲ್ ಇಲ್ಲ. ಕೊನೆಗೆ ಹಳೆಯ ಹೆಸರಿನಲ್ಲೇ ಕೊಟ್ಟರು. ನಾನು ನೋಟರಿ ಹತ್ತಿರ ಹೋಗಿ, ಈ ಎಲ್ಲಾ ಹೆಸರೂ ಒಬ್ಬಳದೇ ಅಂತ ಛಾಪಾ ಕಾಗದದ ಮೇಲೆ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿದೆ. ಮದುವೆಯಾಗಿ ಗಂಡನ ಮನೆ ಹೆಸರು ಸೇರಿಸಿಕೊಂಡವರಿಗೆ ಇನ್ನೂ ಒಂದು ಸುತ್ತು ಜಾಸ್ತಿ, ಮದುವೆ ಸರ್ಟಿಫಿಕೇಟೂ ಬೇಕು. ಪರೀಕ್ಷೆಯ ಶುಲ್ಕ ಕಟ್ಟುವ ಮೊದಲೇ ಈ ಕೆಲಸ ಶುರು ಮಾಡಿ. ಓದುವುದು ಮತ್ತು ಕಾಯುವುದು ಒಟ್ಟಿಗೆ ನಡೆದರೆ ಸಮಯ ಉಳಿಯುತ್ತದೆ.

ಓದುವ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್ ಕೋಚಿಂಗ್ ಸೇರಿದೆ. ಕ್ಲಾಸ್ ರಾತ್ರಿ 8ಕ್ಕೆ. ಸೇರಿದ್ದು ಮೇ ತಿಂಗಳಲ್ಲಿ, ಜೂನ್ ಬಂತು. ನಮ್ಮ ಕಡೆಯ ಮಳೆ ಗೊತ್ತಿದ್ದವರಿಗೆ ಮುಂದಿನದು ಹೇಳುವುದೇ ಬೇಡ. ಮರ ಬಿದ್ದು ಕರೆಂಟ್ ಹೋದರೆ ಲೈನ್‌ಮ್ಯಾನ್ ಯಾವಾಗ ಬರುತ್ತಾರೆ ಅಂತ ಕೇಳುವುದಕ್ಕೂ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ. ಟವರ್ ಕೂಡ ಕರೆಂಟ್ ಹಿಂದೆಯೇ ಹೋಗುತ್ತದೆ. ಕ್ಲಾಸಿನ ಮಧ್ಯೆ ಟೀಚರ್ ಮುಖ ಬಾಯಿ ತೆರೆದುಕೊಂಡು ನಿಂತುಬಿಡುತ್ತಿತ್ತು. ಕೋಚಿಂಗ್‌ನವರಿಗೆ ರೆಕಾರ್ಡಿಂಗ್ ಕೊಡಿ ಅಂದರೆ, ಅದಕ್ಕೆ ಬೇರೆ ಪ್ಯಾಕೇಜ್ ಅಂದರು. ಸೇರುವ ಮೊದಲೇ ಕೇಳಿಕೊಳ್ಳಬೇಕಾದ ಮಾತು ಇದು: ರೆಕಾರ್ಡಿಂಗ್ ಇದೆಯಾ, ಬರೆದ ಪತ್ರವನ್ನು ಒಬ್ಬ ಮನುಷ್ಯ ತಿದ್ದಿ ಕೊಡುತ್ತಾರಾ, ಮಾತಿನ ಅಭ್ಯಾಸ ಒಬ್ಬೊಬ್ಬರಿಗೆ ಬೇರೆಯಾಗಿ ಮಾಡಿಸುತ್ತಾರಾ. ಈ ಮೂರು ಇಲ್ಲದಿದ್ದರೆ ಕೋಚಿಂಗ್‌ಗೆ ಕೊಡುವ ದುಡ್ಡು ಸುಮ್ನೆ.

ಕಕ್ಕಡ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳು, ಮುಗಿಯುವ ತನಕ ಇಲ್ಲಿ ಓದು ನಡೆಯುವುದಿಲ್ಲ ಅಂತ ನಾನು ಕುಶಾಲನಗರದ ಚಿಕ್ಕಮ್ಮನ ಮನೆಗೆ ಹೋದೆ. ಮಡಿಕೇರಿಯಲ್ಲಿ ಎದುರಿನ ಮನೆ ಕಾಣದಷ್ಟು ಮಂಜು, ಮಳೆ. ಮೂವತ್ತು ಕಿಲೋಮೀಟರ್ ಇಳಿದು ಬಂದರೆ ಅಲ್ಲಿ ಬಟ್ಟೆ ಒಣಗುತ್ತದೆ. ದಿನಾ ಅಲ್ಲಿಂದ ಬಸ್ಸಿನಲ್ಲಿ ಡ್ಯೂಟಿಗೆ ಹತ್ತಿ ಇಳಿಯುವುದು. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಲಿಸನಿಂಗ್ ಅಭ್ಯಾಸ. ಸುಂಟಿಕೊಪ್ಪದ ತಿರುವುಗಳಲ್ಲಿ ವಾಂತಿ ಬರುತ್ತಿತ್ತು, ಆದರೂ ಅದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಗಲಾಟೆಯ ಮಧ್ಯೆ ಕೇಳಿ ಅಭ್ಯಾಸವಾದರೆ ಪರೀಕ್ಷೆಯ ಹಾಲಿನಲ್ಲಿ ಪಕ್ಕದವರು ಕೆಮ್ಮಿದರೂ ಕಿವಿ ಕದಲುವುದಿಲ್ಲ.

ಲಿಸನಿಂಗ್‌ನಲ್ಲಿ 42 ಪ್ರಶ್ನೆ. ಮೊದಲ ಭಾಗದಲ್ಲಿ ರೋಗಿ ಮತ್ತು ಚಿಕಿತ್ಸೆ ಕೊಡುವವರು ಮಾತಾಡುತ್ತಾರೆ, ನಾವು ನೋಟ್ಸ್‌ನ ಖಾಲಿ ಜಾಗ ತುಂಬಬೇಕು. ಆಮೇಲೆ ವಾರ್ಡಿನ ಸಣ್ಣ ಸಣ್ಣ ಮಾತುಕತೆ, ಕೊನೆಗೆ ಉದ್ದದ ಸಂದರ್ಶನ ಅಥವಾ ಭಾಷಣ. ಎಲ್ಲವೂ ಒಂದೇ ಸಲ ಕೇಳಿಸುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾ ಕಡೆಯ ಉಚ್ಚಾರ. ಮೊದಮೊದಲು ನನಗೆ ಔಷಧದ ಹೆಸರು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ರೋಗಿಗಳು ಮಾತಾಡುವ ಇಂಗ್ಲಿಷ್ ಪುಸ್ತಕದಲ್ಲಿ ಇರುವುದಿಲ್ಲ ನೋಡಿ. ನೋವು ಹೇಗಿದೆ ಅಂದರೆ ನಾವು ಕಲಿತ ಮಾತಿನಲ್ಲಿ ಹೇಳುವುದಿಲ್ಲ, ಚುಚ್ಚುತ್ತದೆ, ಎಳೆಯುತ್ತದೆ, ಹಿಂಡುತ್ತದೆ ಅನ್ನುವುದಕ್ಕೆ ಅವರದೇ ಮಾತುಗಳಿವೆ. ಯುಕೆ ಆಸ್ಪತ್ರೆಗಳು ರೋಗಿಗಳಿಗಾಗಿ ಹಾಕಿರುವ ವಿಡಿಯೋಗಳನ್ನು ದಿನಾ ಕೇಳಿದೆ. ಅಲ್ಲಿಂದ ಕಿವಿ ತೆರೆಯಿತು.

ರೀಡಿಂಗ್‌ನ ಎ ಭಾಗ ಅನ್ನುವುದು ಓಟ. ಒಂದೇ ವಿಷಯದ ಮೇಲೆ ನಾಲ್ಕು ತುಂಡು ಬರಹ, 20 ಪ್ರಶ್ನೆ, 15 ನಿಮಿಷ. ಸಮಯವಾದ ಕೂಡಲೇ ಮುಚ್ಚಿಹೋಗುತ್ತದೆ, ಆಮೇಲೆ ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಬಿ ಮತ್ತು ಸಿ ಸೇರಿ 22 ಪ್ರಶ್ನೆಗೆ 45 ನಿಮಿಷ. ಇದರ ಬಗ್ಗೆ ನನ್ನಲ್ಲಿ ಗುಟ್ಟೇನೂ ಇಲ್ಲ. ಗಡಿಯಾರ ಇಟ್ಟುಕೊಂಡು ಮಾಡಿದಷ್ಟೂ ಒಳ್ಳೆಯದು.

ಬರವಣಿಗೆ ಮತ್ತು ಮಾತು, ಇವೆರಡರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಾವು ಇಂಗ್ಲಿಷ್ ಎಲ್ಲಿ ಬಳಸುತ್ತೇವೆ ಅಂತ ಯೋಚನೆ ಮಾಡಿ. ಚಾರ್ಟ್ ಬರೆಯುವಾಗ. ಡಾಕ್ಟರ್‌ಗೆ ಫೋನ್ ಮಾಡಿ ಬಿಪಿ, ಸ್ಯಾಚುರೇಶನ್ ಹೇಳುವಾಗ. ಬೆಡ್ ಹತ್ತಿರ ಹೋದರೆ ಇಂಗ್ಲಿಷ್ ಇಲ್ಲ. ಒಬ್ಬರಿಗೆ ಕನ್ನಡ, ಪಕ್ಕದ ಬೆಡ್ಡಿನ ಅಜ್ಜಿಗೆ ಕೊಡವ ತಕ್ಕ್, ತೋಟದ ಲೈನ್‌ಮನೆಯವರಿಗೆ ತಮಿಳು ಅಥವಾ ಮಲಯಾಳಂ, ಈಚೆಗೆ ಅಸ್ಸಾಂ ಕಡೆಯ ಕೆಲಸದವರು ಬಂದ ಮೇಲೆ ಹರುಕುಮುರುಕು ಹಿಂದಿ. ಹೆದರಿದ ರೋಗಿಯನ್ನು ಸಮಾಧಾನ ಮಾಡುವ ಕೆಲಸ ಈ ಐದು ಭಾಷೆಯಲ್ಲೂ ನನಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಒಂದು ಸಲವೂ ಮಾಡಿರಲಿಲ್ಲ. ಒಇಟಿ ಕೇಳುವುದು ಸರಿಯಾಗಿ ಅದನ್ನೇ.

ಮಾತಿನ ಪರೀಕ್ಷೆಯಲ್ಲಿ ಎರಡು ರೋಲ್‌ಪ್ಲೇ. ಕಾರ್ಡ್ ಕೊಡುತ್ತಾರೆ, ಓದಿಕೊಳ್ಳಲು ಎರಡು ಮೂರು ನಿಮಿಷ, ಆಮೇಲೆ ಸುಮಾರು ಐದು ನಿಮಿಷ ಮಾತು. ನಾವು ನರ್ಸ್. ಎದುರಿನವರು ರೋಗಿ ಅಥವಾ ರೋಗಿಯ ಕಡೆಯವರು. ಎದುರಿನವರು ನಮಗೆ ಅಂಕ ಕೊಡುವವರಲ್ಲ. ರೆಕಾರ್ಡ್ ಆದದ್ದನ್ನು ಬೇರೆಯವರು ಕೇಳಿ ಅಂಕ ಹಾಕುತ್ತಾರೆ. ಹಾಗಾಗಿ ಎದುರಿನವರ ಮುಖ ನೋಡಿ ಗಾಬರಿ ಬೇಡ. ವ್ಯಾಕರಣ, ಉಚ್ಚಾರದ ಜೊತೆಗೆ, ರೋಗಿಯ ಮಾತು ಕೇಳಿಸಿಕೊಂಡೆವಾ, ಅವರಿಗೆ ಏನು ಗೊತ್ತಿದೆ ಅಂತ ಮೊದಲು ಕೇಳಿದೆವಾ, ಹೇಳಿದ್ದು ಅರ್ಥವಾಯಿತಾ ಅಂತ ನೋಡಿದೆವಾ ಅನ್ನುವುದಕ್ಕೂ ಅಂಕ ಇದೆ.

ಪರೀಕ್ಷೆಯಲ್ಲಿ ಬಂದ ಕಾರ್ಡ್ ಬಗ್ಗೆ ಬರೆಯುವ ಹಾಗಿಲ್ಲ. ಅಭ್ಯಾಸದ್ದು ಒಂದು ಹೇಳುತ್ತೇನೆ. ಸಕ್ಕರೆ ಕಾಯಿಲೆಯ ರೋಗಿ ಇನ್ಸುಲಿನ್ ಬೇಡ ಅನ್ನುತ್ತಾರೆ. ನಾನು ಮೊದಲ ಸಲ ಹೈಪೊಗ್ಲೈಸೀಮಿಯಾ, ಸಬ್‌ಕ್ಯುಟೇನಿಯಸ್, ಕಾಂಪ್ಲಿಕೇಶನ್ಸ್ ಅಂತ ಶುರು ಮಾಡಿದೆ. ಕೋಚಿಂಗ್‌ನ ಟೀಚರ್ ನಿಲ್ಲಿಸಿದರು. "ಸಿಸ್ಟರ್, ನೀವು ಡಾಕ್ಟರ್ ಹತ್ತಿರ ಮಾತಾಡ್ತಾ ಇದ್ದೀರಿ. ಪೇಷೆಂಟ್ ಎಲ್ಲಿ?" ಅಂದರು. ಲೋ ಬ್ಲಡ್ ಶುಗರ್ ಅನ್ನಬೇಕು, ಜಸ್ಟ್ ಅಂಡರ್ ದಿ ಸ್ಕಿನ್ ಅನ್ನಬೇಕು. ಅದಕ್ಕಿಂತ ಮೊದಲು, ಯಾಕೆ ಬೇಡ ಅಂತ ಕೇಳಬೇಕು. ಸೂಜಿಯ ಹೆದರಿಕೆಯಾ, ಒಮ್ಮೆ ಶುರು ಮಾಡಿದರೆ ಬಿಡಲಾಗುವುದಿಲ್ಲ ಅನ್ನುವ ಚಿಂತೆಯಾ? ಈ ಕೆಲಸ ನಮಗೆ ಹೊಸದಲ್ಲ. ತೋಟದಿಂದ ಬರುವ ಎಷ್ಟು ಜನರಿಗೆ ಇದೇ ಮಾತು ಹೇಳಿಲ್ಲ ನಾವು? ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಡ್ಯೂಟಿಯಲ್ಲಿ ರೋಗಿಗೆ ಏನಾದರೂ ವಿವರಿಸಿದ ಮೇಲೆ, ಅದೇ ಮಾತನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳುತ್ತಿದ್ದೆ ಅಂತ ನರ್ಸಸ್ ಸ್ಟೇಷನ್‌ನಲ್ಲಿ ಕೂತು ಫೋನಿಗೆ ರೆಕಾರ್ಡ್ ಮಾಡುವುದು. ರಾತ್ರಿ ಕೇಳುವುದು. ಕೇಳಲು ಬಹಳ ನಾಚಿಕೆ ಆಗುತ್ತದೆ. ಕೇಳಲೇಬೇಕು.

ರಜೆಯಲ್ಲಿ ಊರಿಗೆ ಹೋದಾಗ ಅವ್ವನನ್ನೇ ರೋಗಿ ಮಾಡಿ ಕೂರಿಸಿಕೊಂಡೆ. ನಾನು ಇಂಗ್ಲಿಷ್‌ನಲ್ಲಿ ಕೇಳುವುದು, ಅವಳು ಅರೆಭಾಷೆಯಲ್ಲಿ ಉತ್ತರ ಕೊಡುವುದು. ಅವಳಿಗೆ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ, ಆದರೆ ಮಂಡಿನೋವಿನ ಕಥೆ ನಿಲ್ಲುತ್ತಲೂ ಇರಲಿಲ್ಲ. ತಮಾಷೆ ಅನ್ನಿಸಿದರೂ ಇದರಿಂದ ಒಂದು ಅಭ್ಯಾಸವಾಯಿತು. ರೋಗಿ ಬೇರೆ ದಾರಿ ಹಿಡಿದಾಗ ಮಧ್ಯೆ ಬಾಯಿ ಹಾಕದೆ, ಬೇಜಾರಾಗದ ಹಾಗೆ ತಿರುಗಿಸಿಕೊಂಡು ಬರುವುದು. ಕಾರ್ಡಿನಲ್ಲಿದ್ದದ್ದೆಲ್ಲ ಹೇಳಿ ಮುಗಿಸಲೇಬೇಕು ಅಂತ ಓಡಬಾರದು. ಎರಡು ವಿಷಯ ಬಿಟ್ಟುಹೋದರೂ ಎದುರಿನವರನ್ನು ಬಿಡಬಾರದು.

ಬರವಣಿಗೆಯದೂ ಇದೇ ಕಥೆ. 45 ನಿಮಿಷ. ಮೊದಲ 5 ನಿಮಿಷ ಓದಲು ಮಾತ್ರ. ಕೇಸ್ ನೋಟ್ಸ್ ಕೊಡುತ್ತಾರೆ, ನಾವು ಪತ್ರ ಬರೆಯಬೇಕು. ರೆಫರಲ್, ಡಿಸ್ಚಾರ್ಜ್, ಟ್ರಾನ್ಸ್‌ಫರ್, ಯಾವುದಾದರೂ ಆಗಬಹುದು. ಪತ್ರದ ಒಡಲು ಸುಮಾರು 180ರಿಂದ 200 ಪದ. ನೋಟ್ಸ್‌ನಲ್ಲಿ ಇರುವುದೆಲ್ಲ ತುಂಬಿದರೆ ಅಂಕ ಹೋಗುತ್ತದೆ. ಸೊಂಟದ ಆಪರೇಶನ್ ಆದ ಒಬ್ಬ ಅಜ್ಜಿ ಮನೆಗೆ ಹೋಗುತ್ತಿದ್ದಾರೆ, ಮನೆಗೆ ಬಂದು ನೋಡುವ ನರ್ಸ್‌ಗೆ ಪತ್ರ ಅಂತ ಇಟ್ಟುಕೊಳ್ಳಿ. ಗಾಯದ ಡ್ರೆಸಿಂಗ್ ಯಾವಾಗ, ವಾಕರ್ ಹಿಡಿದು ನಡೆಯುತ್ತಾರಾ, ಮನೆಯಲ್ಲಿ ಒಬ್ಬರೇ ಇದ್ದಾರಾ, ಪೆನಿಸಿಲಿನ್ ಅಲರ್ಜಿ ಇದೆಯಾ, ಇದೆಲ್ಲ ಬೇಕು. ಚಿಕ್ಕಂದಿನಲ್ಲಿ ಅಪೆಂಡಿಕ್ಸ್ ತೆಗೆದದ್ದು ಬೇಡ. ವಾರ್ಡಿನಲ್ಲಿ ಮೂರನೇ ದಿನ ಟೆಂಪರೇಚರ್ ಎಷ್ಟಿತ್ತು ಅನ್ನುವುದೂ, ಈಗ ಸರಿ ಇದ್ದರೆ, ಬೇಡ. ಪತ್ರ ಯಾಕೆ ಬರೆಯುತ್ತಿದ್ದೇವೆ ಅನ್ನುವುದು ಮೊದಲ ಸಾಲುಗಳಲ್ಲೇ ಬರಬೇಕು.

ಶಿಫ್ಟ್ ಮುಗಿಸಿ ಹ್ಯಾಂಡ್‌ಓವರ್ ಕೊಡುವಾಗ ನಾವು ಇದನ್ನೇ ಮಾಡುತ್ತೇವೆ. ನೈಟ್‌ನವರಿಗೆ ಬೇಕಾದ್ದು ಹೇಳುತ್ತೇವೆ, ಬೇಡದ್ದು ಬಿಡುತ್ತೇವೆ. ಬರೆಯಲು ಕೂತಾಗ ಮಾತ್ರ ಏನೂ ಬಿಟ್ಟುಹೋಗಬಾರದು ಅನ್ನುವ ಭಯ. ನಮ್ಮ ಕಾಲೇಜುಗಳಲ್ಲಿ ಪುಟ ತುಂಬಿಸಿದರೆ ಅಂಕ ಅಂತ ಕಲಿಸಿದ್ದಾರೆ, ಅದು ಕೈಯಿಂದ ಹೋಗಲು ಸಮಯ ಬೇಕು. ಇನ್ನೊಂದು, ಚಾರ್ಟಿನ ಮೊಟಕು ಅಕ್ಷರಗಳು. ಬಿ.ಡಿ. (ದಿನಕ್ಕೆ ಎರಡು ಸಲ), ಟಿ.ಡಿ.ಎಸ್. (ದಿನಕ್ಕೆ ಮೂರು ಸಲ), ಸಿ/ಒ (ರೋಗಿ ಹೇಳುವ ತೊಂದರೆ) ಅಂತ ಪತ್ರದಲ್ಲಿ ಹಾಕುವ ಹಾಗಿಲ್ಲ. ಬಿಡಿಸಿ ಪೂರ್ತಿ ವಾಕ್ಯ ಬರೆಯಬೇಕು. ನಾನು ವಾರಕ್ಕೆ ಒಂದೆರಡು ಪತ್ರ ಬರೆದು ಚೇಚಿಗೆ ವಾಟ್ಸ್‌ಆ್ಯಪ್ ಮಾಡುತ್ತಿದ್ದೆ. ಅವರು ನೈಟ್ ಡ್ಯೂಟಿ ಮುಗಿಸಿ ಬಂದು ಕೆಂಪು ಗೆರೆ ಎಳೆದು ಕಳಿಸುತ್ತಿದ್ದರು. ವ್ಯಾಕರಣಕ್ಕಿಂತ ಜಾಸ್ತಿ "ಇದು ಯಾಕೆ ಬೇಕು?" ಅನ್ನುವ ಪ್ರಶ್ನೆಯೇ ಇರುತ್ತಿತ್ತು.

ಪರೀಕ್ಷೆಗೆ ಬೆಂಗಳೂರು. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಇಳಿದು ಸೀದಾ ಪರೀಕ್ಷೆಗೆ ಹೋಗುವ ಯೋಚನೆ ಬೇಡ. ನಮಗೆ ರೈಲಿಲ್ಲ, ಘಾಟಿಯಲ್ಲಿ ಮಣ್ಣು ಜಾರಿದರೆ ಬಸ್ಸೂ ಇಲ್ಲ. ಹಿಂದಿನ ದಿನವೇ ಹೋಗಿ ಉಳಿಯಿರಿ. ನಾನು ಅತ್ತಿಗೆಯ ತಮ್ಮನ ಮನೆಯಲ್ಲಿ ಉಳಿದೆ, ಹಾಗಾಗಿ ಲಾಡ್ಜ್ ಖರ್ಚು ಉಳಿಯಿತು. ಒಳಗೆ ಪಾಸ್‌ಪೋರ್ಟ್ ಬಿಟ್ಟು ಹೆಚ್ಚೇನೂ ಬಿಡುವುದಿಲ್ಲ. ಫೋನ್, ವಾಚ್ ಎಲ್ಲ ಹೊರಗೆ. ಪಾಸ್‌ಪೋರ್ಟ್ ಜೆರಾಕ್ಸ್ ನಡೆಯುವುದಿಲ್ಲ, ಅಸಲೇ ಬೇಕು. ನನ್ನ ಜೊತೆ ಸಾಲಿನಲ್ಲಿದ್ದ ಹೆಚ್ಚಿನವರು ಕೇರಳದವರು. ಒಬ್ಬಾಕೆ ಗಲ್ಫ್‌ನಿಂದ ರಜೆ ಹಾಕಿ ಬಂದಿದ್ದರು. ಕನ್ನಡ ಮಾತಾಡುವ ಇನ್ನೊಬ್ಬಳು ಸಿಕ್ಕಿದಳು, ಹಾಸನದವಳು. ಇಬ್ಬರೂ ಒಟ್ಟಿಗೆ ಕಾಫಿ ಕುಡಿದೆವು. ಕೊಡಗಿನವಳ ಎದುರು ಆ ಕಾಫಿಯ ಬಗ್ಗೆ ಕೇಳಬೇಡಿ.

ಮೊದಲ ಸಲದ ರಿಸಲ್ಟ್: ಲಿಸನಿಂಗ್ 360, ರೀಡಿಂಗ್ 320, ಬರವಣಿಗೆ 310, ಮಾತು 370. ಮೂರು ಪಾಸ್, ರೀಡಿಂಗ್‌ಗೆ 350 ಬೇಕಿತ್ತು. ಆವತ್ತು ಊಟ ಸೇರಲಿಲ್ಲ. ಅಪ್ಪ ಕಾಳುಮೆಣಸು ಮಾರಿದ ದುಡ್ಡಿನಲ್ಲಿ ಫೀಸ್ ಕಟ್ಟಿದ್ದು. ಅವರು ಒಂದು ಮಾತೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಬೈದಿದ್ದರೆ ವಾಸಿಯಿತ್ತು.

ಈಗ ಹೇಳುವುದನ್ನು ನೆನಪಿಡಿ, ಏಕೆಂದರೆ ಬಹಳ ಜನರಿಗೆ ಗೊತ್ತಿಲ್ಲ. ಎನ್‌ಎಂಸಿ ಎರಡು ಸಲದ ಅಂಕ ಸೇರಿಸಿ ನೋಡುತ್ತದೆ. ಮೊದಲು ಎರಡು ಪರೀಕ್ಷೆಯ ನಡುವೆ 6 ತಿಂಗಳು ಮಾತ್ರ ಅಂತರ ಇರಬಹುದಿತ್ತು, 2023ರಲ್ಲಿ ಅದನ್ನು 12 ತಿಂಗಳು ಮಾಡಿದರು. ಎರಡು ಸಲವೂ ನಾಲ್ಕೂ ಭಾಗ ಬರೆಯಬೇಕು. ಎರಡೂ ಸೇರಿ ಪ್ರತಿ ಭಾಗದಲ್ಲೂ ಬೇಕಾದ ಗ್ರೇಡ್ ಒಮ್ಮೆಯಾದರೂ ಬಂದಿರಬೇಕು. ಎರಡರಲ್ಲಿ ಯಾವುದರಲ್ಲೂ ಲಿಸನಿಂಗ್, ರೀಡಿಂಗ್, ಮಾತು ಸಿ ಪ್ಲಸ್‌ಗಿಂತ ಕೆಳಗೆ, ಬರವಣಿಗೆ ಸಿಗಿಂತ ಕೆಳಗೆ ಇಳಿದಿರಬಾರದು. ಐಇಎಲ್‌ಟಿಎಸ್‌ಗೂ ಇಂಥದ್ದೇ ಲೆಕ್ಕ: ಮೂರರಲ್ಲಿ 6.5, ಬರವಣಿಗೆಯಲ್ಲಿ 6, ಅದಕ್ಕಿಂತ ಕೆಳಗೆ ಹೋಗಬಾರದು. ನನಗೆ ಇದನ್ನು ಹೇಳಿದ್ದು ಚೇಚಿ. ಕೋಚಿಂಗ್‌ನವರು ಮತ್ತೆ ಪೂರ್ತಿ ಕೋರ್ಸ್ ಸೇರಿ ಅಂತಷ್ಟೇ ಹೇಳಿದ್ದರು.

ಹಾಗಾಗಿ ಎರಡನೇ ಸಲಕ್ಕೆ ರೀಡಿಂಗ್ ಒಂದನ್ನೇ ಹಿಡಿದು ಕೂತೆ, ಉಳಿದದ್ದಕ್ಕೆ ಕೈ ತಪ್ಪದಷ್ಟು ಅಭ್ಯಾಸ. ಫೀಸ್‌ಗೆ ಆಸ್ಪತ್ರೆಯಲ್ಲಿ ಓವರ್‌ಟೈಮ್ ಮಾಡಿದೆ, ಉಳಿದದ್ದು ಸ್ತ್ರೀಶಕ್ತಿ ಸಂಘದಿಂದ ಅವ್ವ ತೆಗೆದುಕೊಟ್ಟಳು. ಈ ಸಲ ರೀಡಿಂಗ್ 370 ಬಂತು. ಲಿಸನಿಂಗ್ ಮಾತ್ರ 340ಕ್ಕೆ ಇಳಿದಿತ್ತು! ಅದನ್ನು ನೋಡಿ ಒಂದು ಕ್ಷಣ ಎದೆ ನಿಂತ ಹಾಗಾಯಿತು. ಆದರೆ 340 ಅಂದರೆ ಸಿ ಪ್ಲಸ್, ಕೆಳಗಿನ ಗೆರೆ ದಾಟಿಲ್ಲ. ಮೊದಲ ಸಲದ 360 ಇದೆಯಲ್ಲ, ಎರಡೂ ಸೇರಿ ಆಯಿತು. ಹತ್ತು ಅಂಕ ಹೆಚ್ಚುಕಮ್ಮಿಯಾದರೆ ಬದುಕು ಆಚೆ ಈಚೆ ಆಗುವ ಪರೀಕ್ಷೆ ಇದು. ಅದು ನ್ಯಾಯವಾ ಅಂತ ಕೇಳಿದರೆ ನನಗೆ ಹಾಗೆ ಅನ್ನಿಸುವುದಿಲ್ಲ.

ರಿಸಲ್ಟ್ ಆನ್‌ಲೈನ್‌ನಲ್ಲೇ ಬರುತ್ತದೆ. ನಮ್ಮ ಅಂಕವನ್ನು ಎನ್‌ಎಂಸಿ ತಾನೇ ಪರಿಶೀಲಿಸಿ ನೋಡುತ್ತದೆ. ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡುತ್ತೇವೆ, ಅಂಕ ತಿದ್ದಿಸುತ್ತೇವೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುವವರನ್ನು ಬ್ಲಾಕ್ ಮಾಡಿ. ನನಗೂ ಬಂದಿತ್ತು. ದುಡ್ಡು ಹೋಗುವುದಲ್ಲದೆ ನರ್ಸ್ ಆಗಿ ಮುಂದೆ ಎಲ್ಲೂ ಹೆಸರು ಉಳಿಯುವುದಿಲ್ಲ.

ಇಂಗ್ಲಿಷ್ ಆದ ಕೂಡಲೇ ಎಲ್ಲ ಆಗಲಿಲ್ಲ. ಸಿಬಿಟಿ ಅಂತ ಕಂಪ್ಯೂಟರ್ ಪರೀಕ್ಷೆ ಇದೆ, 83 ಪೌಂಡ್. ಒಂದು ಭಾಗ ಲೆಕ್ಕ, ಇನ್ನೊಂದು ನರ್ಸಿಂಗ್. ಲೆಕ್ಕ ಅಂದರೆ ಡ್ರಿಪ್ ರೇಟ್, ಡೋಸ್, ಇಂಥದ್ದೇ. ಡ್ಯೂಟಿಯಲ್ಲಿರುವವರಿಗೆ ಹೆದರಿಕೆ ಬೇಡ. ಎನ್‌ಎಂಸಿಗೆ ಅರ್ಜಿ ಪರಿಶೀಲನೆಗೆ 140 ಪೌಂಡ್. ನಾವು ರಿಜಿಸ್ಟರ್ ಆಗಿರುವ ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಿಂದ ದೃಢೀಕರಣ ಹೋಗಬೇಕು, ಪೊಲೀಸ್ ಕ್ಲಿಯರೆನ್ಸ್ ಬೇಕು. ಅಲ್ಲಿಗೆ ಹೋದ ಮೇಲೆ ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ, ಅದಕ್ಕೆ 794 ಪೌಂಡ್. ಪಾಸಾದ ಮೇಲೆ ರಿಜಿಸ್ಟರ್‌ಗೆ ಸೇರಲು 153. ಓಸ್ಕಿಯ ಖರ್ಚನ್ನು ಬಹಳಷ್ಟು ಆಸ್ಪತ್ರೆಗಳು ಕೊಡುತ್ತವೆ, ಇಂಟರ್‌ವ್ಯೂನಲ್ಲೇ ಕೇಳಿ. ಎನ್‌ಎಂಸಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆ ಪಾಸಾದ ನರ್ಸ್‌ಗೆ ವೀಸಾಕ್ಕೆ ಅಂತ ಬೇರೆ ಇಂಗ್ಲಿಷ್ ಪರೀಕ್ಷೆ ಬೇಡ. ಕ್ಷಯರೋಗದ ಪರೀಕ್ಷೆ ಬೇಕು. ಅಂಕಗಳ ಆಯಸ್ಸು ಎರಡು ವರ್ಷ, ಆದ್ದರಿಂದ ಕಾಗದಪತ್ರ ಮುಂದೆ ಹಾಕಬೇಡಿ.

ಕೆಲವರು ಕೇರ್ ಅಸಿಸ್ಟೆಂಟ್ ಆಗಿ ಮೊದಲೇ ಯುಕೆಗೆ ಹೋಗಿದ್ದಾರೆ. ಸ್ವಲ್ಪದರಲ್ಲಿ ಅಂಕ ತಪ್ಪಿದ್ದರೆ, ಅಥವಾ ಇಲ್ಲಿ ನರ್ಸಿಂಗ್ ಇಂಗ್ಲಿಷ್‌ನಲ್ಲಿ ಓದಿದ್ದರೆ, ಅಲ್ಲಿ ಕನಿಷ್ಠ ಒಂದು ವರ್ಷ ಕೆಲಸ ಮಾಡಿದವರಿಗೆ ಮಾಲೀಕರ ಕಡೆಯಿಂದ ಪುರಾವೆ ಕೊಡುವ ದಾರಿ ಇದೆ. ಇಲ್ಲಿಂದ ಅರ್ಜಿ ಹಾಕುವವರಿಗೆ ಇದು ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ಬಿಎಸ್ಸಿ ಮಾಡಿದ್ದೇನೆ ಅನ್ನುವುದೊಂದೇ ಸಾಲದು. ಜರ್ಮನಿ ಅಂದವರಿಗೆ ಇಂಗ್ಲಿಷ್ ಬಿಟ್ಟು ಜರ್ಮನ್ ಭಾಷೆಯ ಬಿ2 ಹಂತ ಬೇಕು, ಅದು ಬೇರೆಯದೇ ಕಥೆ.

ಏಜೆಂಟ್‌ಗಳ ಬಗ್ಗೆ ಒಂದು ಮಾತು. ಯುಕೆ ಸರ್ಕಾರದ ನಿಯಮದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನರ್ಸ್‌ನಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಒಬ್ಬ ನನ್ನ ಹತ್ತಿರ 2 ಲಕ್ಷ ಕೇಳಿದ. ರಸೀದಿ ಕೊಡುತ್ತೀಯಾ ಅಂತ ಕೇಳಿದ ಮೇಲೆ ಫೋನ್ ಎತ್ತಲಿಲ್ಲ. ಎರಡು ಮೂರು ವರ್ಷದ ಹಿಂದಿನ ಹಾಗೆ ಅಲ್ಲಿನ ಆಸ್ಪತ್ರೆಗಳು ಈಗ ಹೊರದೇಶದ ನರ್ಸ್‌ಗಳನ್ನು ರಾಶಿಗಟ್ಟಲೆ ಕರೆಯುತ್ತಿಲ್ಲ. ನಾನು ಕಳಿಸಿದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಇಲ್ಲ. ಅದಕ್ಕೇ ಐರ್ಲೆಂಡ್‌ನ ನಿಯಮಗಳನ್ನೂ ಓದಿಕೊಳ್ಳುತ್ತಿದ್ದೇನೆ, ಅಲ್ಲಿಯೂ ಒಇಟಿ ನಡೆಯುತ್ತದೆ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ: ಓದಲು ಕೆಲಸ ಬಿಡಬೇಕಾ? ಬಿಡಬೇಡಿ. ನನ್ನ ಜೊತೆಯವಳು ಬಿಟ್ಟು ಓದಿದಳು, ಮನೆಯಲ್ಲಿ ಇದ್ದರೆ ಓದುವುದಕ್ಕಿಂತ ಅಡುಗೆ, ಕಾಫಿ ಒಣಗಿಸುವುದೇ ಜಾಸ್ತಿ ಆಯಿತು ಅಂದಳು. ಅರ್ಜಿಯಲ್ಲಿ ಅನುಭವದ ಲೆಕ್ಕವೂ ಕೇಳುತ್ತಾರೆ, ನಡುವೆ ಖಾಲಿ ಇದ್ದರೆ ಯಾಕೆ ಅಂತ ಬರೆಯಬೇಕು. ಆಫರ್ ಲೆಟರ್ ಬಂತು ಅಂತ ರಾಜೀನಾಮೆ ಕೊಡಬೇಡಿ. ವೀಸಾಕ್ಕಾಗಿ ಅಲ್ಲಿನ ಆಸ್ಪತ್ರೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬಂದು, ವೀಸಾ ಕೈಗೆ ಸಿಕ್ಕ ಮೇಲೆ ಕೊಡಿ. ನೋಟಿಸ್ ಅವಧಿ ಎಷ್ಟು ಅಂತ ನಿಮ್ಮ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ ಈಗಲೇ ನೋಡಿಕೊಳ್ಳಿ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಸಿಕೊಳ್ಳಿ.